ಬಿಸಿ ನೆಲದ ಚರಿತ್ರೆ: ಸ್ನಾನಗೃಹದಿಂದ ಮಸೀದಿಗೆ, ಮಸೀದಿಯಿಂದ ಮನೆಗೆ

ಚಳಿಗಾಲ ಬಂತೆಂದರೆ ನಮ್ಮ ಮಸೀದಿಗಳ ಜುಮಾ ಖುತ್ಬಾಗಳಲ್ಲಿ ಒಂದು ಹದೀಸ್ ತಪ್ಪದೆ ಕೇಳಿಬರುತ್ತದೆ. ಕಷ್ಟವೆನಿಸುವ ಹೊತ್ತಿನಲ್ಲೂ ವುಝೂವನ್ನು ಪೂರ್ಣವಾಗಿ ಮಾಡುವುದು ಪಾಪಗಳನ್ನು ಅಳಿಸುವ ಕರ್ಮಗಳಲ್ಲೊಂದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಡಿಸೆಂಬರ್ ತಿಂಗಳ ಫಜ್ರ್‌ಗೆ ನಲ್ಲಿ ತಿರುಗಿಸುವಾಗ ಈ ಮಾತು ನೆನಪಾಗದಿರದು. ಆದರೆ ನಮ್ಮ ಚಳಿ ಎಷ್ಟರದು? ಹೂಜಿಯೊಳಗಿನ ನೀರೇ ಹೆಪ್ಪುಗಟ್ಟುವ ನಾಡುಗಳಲ್ಲಿ ಮುಸ್ಲಿಮರು ದಿನಕ್ಕೆ ಐದು ಸಲ ಕೈಕಾಲು ತೊಳೆದದ್ದು ಹೇಗೆ? ತೊಳೆದ ಮೇಲೆ ಬರಿಗಾಲಿನಲ್ಲಿ ನಿಂತದ್ದು ಯಾವ ನೆಲದ ಮೇಲೆ? ಈ ಪ್ರಶ್ನೆಯ ಜಾಡು ಹಿಡಿದು ಹೋದರೆ ನಾವು ತಲುಪುವುದು ನೆಲದಡಿಯಲ್ಲಿ ಉರಿಯುವ ಒಂದು ಒಲೆಗೆ. ಅದರ ಚರಿತ್ರೆ ಎರಡು ಸಾವಿರ ವರ್ಷಗಳಿಗೂ ಹಳೆಯದು.

ಮೊದಲು ಒಂದು ಅನುಮಾನ ಪರಿಹಾರವಾಗಲಿ. ಕಷ್ಟದಲ್ಲಿ ಪುಣ್ಯವಿದೆ ಎಂದ ಮಾತ್ರಕ್ಕೆ ಕಷ್ಟವನ್ನು ಹುಡುಕಿಕೊಂಡು ಹೋಗಬೇಕೆಂದು ಅರ್ಥವಲ್ಲ. ಝಾತುಸ್ಸಲಾಸಿಲ್ ಕಾರ್ಯಾಚರಣೆಯ ಸಂದರ್ಭದಲ್ಲಿ ಸೇನಾನಾಯಕ ಅಮ್ರ್ ಬಿನ್ ಆಸ್(ರ) ಅವರಿಗೆ ಕೊರೆಯುವ ಚಳಿಯ ರಾತ್ರಿಯಲ್ಲಿ ಸ್ನಾನ ಕಡ್ಡಾಯವಾಯಿತು. ತಣ್ಣೀರಿನಲ್ಲಿ ಮಿಂದರೆ ಜೀವ ಉಳಿಯದೆಂದು ಹೆದರಿ ಅವರು ತಯಮ್ಮುಮ್ ಮಾಡಿ ಸಂಗಾತಿಗಳಿಗೆ ಫಜ್ರ್ ನಮಾಝಿನ ನೇತೃತ್ವ ವಹಿಸಿದರು. ವಿಷಯ ಮದೀನಾಕ್ಕೆ ತಲುಪಿತು. ಪ್ರವಾದಿವರ್ಯರು(ಸ) ವಿಚಾರಿಸಿದಾಗ, ಜೀವವನ್ನು ನಾಶಕ್ಕೆ ತಳ್ಳಬಾರದೆಂಬ ಕುರ್‌ಆನಿನ ಆದೇಶವನ್ನು ಅಮ್ರ್(ರ) ನೆನಪಿಸಿದರು. ಪ್ರವಾದಿವರ್ಯರು(ಸ) ನಕ್ಕರು, ಬೇರೇನೂ ಹೇಳಲಿಲ್ಲ. ಹಝ್ರತ್ ಉಮರ್(ರ) ಬಿಸಿನೀರಿನಲ್ಲಿ ವುಝೂ ಮಾಡಿದ ಸಂಗತಿಯನ್ನು ಇಮಾಮ್ ಬುಖಾರಿ ತಮ್ಮ ಗ್ರಂಥದ ಒಂದು ಅಧ್ಯಾಯದ ಶೀರ್ಷಿಕೆಯಲ್ಲೇ ಸೇರಿಸಿದ್ದಾರೆ. ಆ ಬಿಸಿನೀರಿಗೆ ಅರಬಿಯಲ್ಲಿರುವ ಹೆಸರು ‘ಹಮೀಮ್’. ‘ಹಮ್ಮಾಮ್’ ಕೂಡ ಅದೇ ಧಾತುವಿನಿಂದ ಹುಟ್ಟಿದ ಪದ. ನಮ್ಮಲ್ಲಿ ಹೆಚ್ಚಿನವರಿಗೆ ಈ ಪದದ ಪರಿಚಯವಾದದ್ದು ಹಸಿರು ಸಾಬೂನಿನ ಹೆಸರಾಗಿ ಎಂಬುದು ಬೇರೆ ಮಾತು.

ನೆಲವನ್ನೇ ಬಿಸಿ ಮಾಡುವ ವಿದ್ಯೆ ಮುಸ್ಲಿಮರ ಆವಿಷ್ಕಾರವೇನಲ್ಲ. ರೋಮನ್ನರು ಅದನ್ನು ಕ್ರಿಸ್ತಪೂರ್ವ 1ನೇ ಶತಮಾನದ ಹೊತ್ತಿಗಾಗಲೇ ಪಳಗಿಸಿದ್ದರು. ಅದಕ್ಕೆ ಗ್ರೀಕ್ ಮೂಲದ ಹೆಸರು ಹೈಪೊಕಾಸ್ಟ್, ಅಂದರೆ ಕೆಳಗಿನಿಂದ ಉರಿಯುವುದು. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಅದನ್ನು ಕಟ್ಟುವ ಕ್ರಮವನ್ನು ಬರೆದಿಟ್ಟಿದ್ದಾನೆ. ಎಂಟಂಗುಲದ ಇಟ್ಟಿಗೆಗಳಿಂದ ಎರಡು ಅಡಿ ಎತ್ತರದ ಕಿರುಗಂಬಗಳನ್ನು ಸಾಲಾಗಿ ನಿಲ್ಲಿಸಬೇಕು, ಅವುಗಳ ಮೇಲೆ ದೊಡ್ಡ ಹೆಂಚು ಹಾಸಿ ನೆಲ ಮಾಡಬೇಕು. ಕಂಬಗಳ ಬುಡದ ಕೆಳನೆಲ ಮಾತ್ರ ಒಲೆಯ ಕಡೆಗೆ ಇಳಿಜಾರಾಗಿರಬೇಕು. ಒಂದು ಚೆಂಡನ್ನು ಒಳಗೆ ಎಸೆದರೆ ಅದು ತಾನಾಗಿ ಉರುಳಿ ಒಲೆಯ ಬಾಯಿಗೆ ವಾಪಸು ಬರುವಷ್ಟು! ಆಗ ಜ್ವಾಲೆ ಏರುಮುಖವಾಗಿ ನೆಲದಡಿಯೆಲ್ಲ ಹರಡುತ್ತದೆ. ಯುರೋಪಿನ ಚಳಿ ಪ್ರಾಂತ್ಯಗಳಲ್ಲಿ ಶ್ರೀಮಂತ ರೋಮನ್ನರು ಇದನ್ನು ಸ್ನಾನಗೃಹದಿಂದ ವಾಸದ ಕೋಣೆಗಳಿಗೂ ತಂದುಕೊಂಡರು. ಹೊರಗೆ ಮಸಿ ಮೆತ್ತಿಕೊಂಡು ಸೌದೆ ಒಟ್ಟುತ್ತಿದ್ದವರು ಗುಲಾಮರು. ಒಳಗೆ ಬೆಚ್ಚಗೆ ನಡೆದಾಡುತ್ತಿದ್ದವರಿಗೆ ಅವರ ಮುಖ ಕಾಣುತ್ತಿರಲಿಲ್ಲ.

ಶಾಮ್ ಪ್ರದೇಶ ಇಸ್ಲಾಮಿನ ಆಡಳಿತಕ್ಕೆ ಬಂದಾಗ ಈ ವಿದ್ಯೆ ಅಲ್ಲಿ ಜೀವಂತವಾಗಿತ್ತು. ಜೋರ್ಡಾನಿನ ಮರುಭೂಮಿಯಲ್ಲಿ, ಅಮ್ಮಾನ್‌ನಿಂದ ಪೂರ್ವಕ್ಕೆ, ಕುಸೈರ್ ಅಮ್ರಾ ಎಂಬ ಚಿಕ್ಕ ಕಟ್ಟಡವಿದೆ. ಉಮವಿಯ್ಯ ರಾಜಕುಮಾರ ವಲೀದ್ ಬಿನ್ ಯಝೀದ್‌ನ ಹೆಸರಿರುವ ಶಾಸನವೊಂದು 2012ರಲ್ಲಿ ಅಲ್ಲಿ ಪತ್ತೆಯಾಯಿತು. ಅವನು ಖಲೀಫನಾದದ್ದು 743ರಲ್ಲಿ. ಕಟ್ಟಿಸಿದ್ದು ಅದಕ್ಕೂ ಮೊದಲು. 1985ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಈ ಕಟ್ಟಡದ ಬಗ್ಗೆ ಬರೆಯುವವರೆಲ್ಲ ಗೋಡೆಯ ಚಿತ್ರಗಳ ಬಗ್ಗೆಯೇ ಬರೆಯುತ್ತಾರೆ. ನಮಗೆ ಮುಖ್ಯವಾಗಿ ಕಾಣುವುದು ಅದರ ಬಾವಿ, ಪ್ರಾಣಿಯನ್ನು ಸುತ್ತಿಸಿ ನೀರೆತ್ತುವ ಏರ್ಪಾಡು, ಪಕ್ಕದ ಒಲೆ ಮತ್ತು ಆ ಒಲೆಯಿಂದ ಬಿಸಿಯಾಗುವ ನೆಲ. ಮರುಭೂಮಿಯ ರಾತ್ರಿಯ ಚಳಿಯನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಆದರೂ ಇದು ಆಳುವವರ ಭೋಗವೇ ಆಗಿತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಮುಂದಿನ ಶತಮಾನಗಳಲ್ಲಿ ಆದ ಬದಲಾವಣೆಯೇ ಬೇರೆ. ಬಿಸಿ ನೆಲ ಊರಿನ ಸೊತ್ತಾಯಿತು. ಬಗ್ದಾದ್, ಡಮಾಸ್ಕಸ್, ಕೈರೋ, ಫೆಝ್, ಇಸ್ತಾಂಬುಲ್ ಎಲ್ಲೆಲ್ಲೂ ಹಮ್ಮಾಮ್‌ಗಳು ಎದ್ದವು. ಹಲವು ಹಮ್ಮಾಮ್‌ಗಳು ವಕ್ಫ್ ಆಸ್ತಿಗಳಾಗಿದ್ದವು. ಇಸ್ತಾಂಬುಲ್‌ನ ಚೆಂಬೆರ್ಲಿತಾಶ್ ಹಮ್ಮಾಮನ್ನು 1584ರಲ್ಲಿ ಕಟ್ಟಿಸಿದ್ದು ನೂರ್‌ಬಾನು ಸುಲ್ತಾನಳ ವಕ್ಫ್. ಉಸ್ಕುದಾರ್‌ನಲ್ಲಿ ಅವಳು ಕಟ್ಟಿಸಿದ್ದ ಮಸೀದಿ ಮತ್ತು ಅದರ ಸೇವಾಸಂಸ್ಥೆಗಳ ಖರ್ಚಿಗೆ ಅದರ ಆದಾಯ ಹೋಗುತ್ತಿತ್ತು. ಅಂದರೆ ಮಿಂದವನು ಕೊಟ್ಟ ಕಾಸು ಇನ್ನೆಲ್ಲೋ ಹಸಿದವನ ಬಟ್ಟಲಿಗೆ ಸೇರುತ್ತಿತ್ತು. ಆ ಹಮ್ಮಾಮಿನಲ್ಲಿ ಇವತ್ತಿಗೂ ಜನ ಮೀಯುತ್ತಾರೆ.

ತುರ್ಕರು ಬಿಸಿ ನೆಲದ ಕೆಳಗಿನ ಆ ಖಾಲಿ ಜಾಗಕ್ಕೆ ಇಟ್ಟ ಹೆಸರು ‘ಜೆಹೆನ್ನೆಮ್ಲಿಕ್’, ನರಕದ ತಾಣ! ಹಮ್ಮಾಮಿನ ಬಿಸಿ ತಾಗಿದಾಗ ನರಕಾಗ್ನಿಯನ್ನು ನೆನೆಯಬೇಕು ಎಂದು ಇಮಾಮ್ ಗಝಾಲಿ ಹೇಳಿದ್ದು ಇದಕ್ಕೂ ಬಹಳ ಹಿಂದೆ. ಒಲೆಯ ಕೋಣೆಗೆ ತುರ್ಕಿಯಲ್ಲಿ ‘ಕುಲ್ಹಾನ್’ ಎನ್ನುತ್ತಾರೆ. ಇಸ್ತಾಂಬುಲ್‌ನ ಚಳಿಗಾಲದಲ್ಲಿ ತಂದೆತಾಯಿ ಇಲ್ಲದ, ಮನೆಯಿಲ್ಲದ ಹುಡುಗರು ಈ ಒಲೆಕೋಣೆಗಳಲ್ಲಿ ಬೂದಿಯ ಪಕ್ಕ ಮಲಗುತ್ತಿದ್ದರು. ಅವರನ್ನು ‘ಕುಲ್ಹಾನ್‌ಬೇಯಿ’ ಎಂದು ಕರೆದರು. ಮುಂದೆ ಅದು ತುರ್ಕಿ ಭಾಷೆಯಲ್ಲಿ ಬೀದಿಪುಂಡ ಎಂಬ ಅರ್ಥಕ್ಕೆ ಇಳಿಯಿತು. ಮಲಗಲು ಜಾಗವಿಲ್ಲದೆ ಒಲೆಯ ಬಳಿಗೆ ಬಂದ ಅನಾಥರ ಹೆಸರು ಬೈಗುಳವಾದದ್ದು ಆ ಊರಿನ ಬಗ್ಗೆಯೂ ಏನನ್ನೋ ಹೇಳುತ್ತದೆ. ಇನ್ನು ಮರಾಕಿಶ್‌ನಲ್ಲಿ ಹಮ್ಮಾಮಿನ ಒಲೆಯ ಬಿಸಿಬೂದಿಯಲ್ಲಿ ಮಾಂಸ ತುಂಬಿದ ಮಣ್ಣಿನ ಕುಡಿಕೆಗಳನ್ನು ಹೂತಿಟ್ಟು ಗಂಟೆಗಟ್ಟಲೆ ಬೇಯಿಸುವ ರೂಢಿ ಈಗಲೂ ಇದೆ. ‘ತಂಜಿಯಾ’ ಎಂಬ ಆ ಖಾದ್ಯಕ್ಕೆ ಬೇರೆ ಬೆಂಕಿ ಬೇಡ, ಊರು ಮೀಯಲು ಹಚ್ಚಿದ ಬೆಂಕಿಯೇ ಸಾಕು.

ಈ ನೆಲ ಕಾನೂನುಬಾಹಿರವಾದ ಊರೂ ಒಂದಿದೆ. ಸ್ಪೇನಿನ ಗ್ರಾನಡಾ 1492ರಲ್ಲಿ ಮುಸ್ಲಿಮರ ಕೈತಪ್ಪಿತು. ಬಲವಂತವಾಗಿ ಕ್ರೈಸ್ತರಾಗಿಸಲ್ಪಟ್ಟ ಅಲ್ಲಿನ ಮೊರಿಸ್ಕೊಗಳ ಮೇಲೆ ದೊರೆ 2ನೇ ಫಿಲಿಪ್‌ನ ಶಾಸನವೊಂದು 1567ರ ಮೊದಲ ದಿನ ಘೋಷಣೆಯಾಯಿತು. ಅರಬಿ ಭಾಷೆ, ಅವರ ಉಡುಪು ಮತ್ತು ಸ್ನಾನಗೃಹಗಳು, ಮೂರಕ್ಕೂ ನಿಷೇಧ. ಫ್ರಾನ್ಸಿಸ್ಕೊ ನೂನ್ಯೆಝ್ ಮುಲೇ ಎಂಬ ವೃದ್ಧ ಮೊರಿಸ್ಕೊ ಗಣ್ಯ ನ್ಯಾಯಾಲಯಕ್ಕೆ ಮನವಿ ಬರೆದರು. ಸ್ನಾನಗೃಹಗಳಿರುವುದು ಮೈಯ ಕೊಳೆ ತೊಳೆಯಲು, ಅಲ್ಲಿ ಯಾವ ಧಾರ್ಮಿಕ ವಿಧಿಯೂ ನಡೆಯುವುದಿಲ್ಲ ಎಂದು ವಾದಿಸಿದರು. ವಾದ ಬಿದ್ದುಹೋಯಿತು. ಮರುವರ್ಷವೇ ಅಲ್ಪುಹಾರಾಸ್ ಬೆಟ್ಟಗಳಲ್ಲಿ ದಂಗೆ ಭುಗಿಲೆದ್ದಿತು. ದಾರ್ರೊ ನದಿಯ ದಂಡೆಯಲ್ಲಿರುವ ಬಾನ್ಯುವೆಲೊ ಎಂಬ ಹಳೆಯ ಹಮ್ಮಾಮ್ ಹೇಗೋ ಉಳಿದುಕೊಂಡಿತು. ಅದರ ಕಮಾನಿನ ಚಾವಣಿಯಲ್ಲಿ ನಕ್ಷತ್ರಾಕಾರದ ಕಿಂಡಿಗಳಿವೆ. ಈಗ ಪ್ರವಾಸಿಗರು ನಡೆದಾಡುವ ಆ ನೆಲ ತಣ್ಣಗಿದೆ.

ಪಶ್ಚಿಮದಲ್ಲಿ ಹೀಗಾಗುವ ಸುಮಾರು 40 ವರ್ಷ ಮೊದಲು, 1526ರಲ್ಲಿ, ಬಾಬರ್ ಹಿಂದೂಸ್ತಾನಕ್ಕೆ ಬಂದ. ಈ ದೇಶದಲ್ಲಿ ಇಲ್ಲದ್ದರ ಪಟ್ಟಿಯನ್ನು ಅವನು ತನ್ನ ಆತ್ಮಕಥೆಯಲ್ಲಿ ಕೊಡುತ್ತಾನೆ. ಅದರಲ್ಲಿ ಮಂಜುಗಡ್ಡೆಯ ಜೊತೆ ಹಮ್ಮಾಮೂ ಇದೆ. ಹಮ್ಮಾಮ್ ಇಲ್ಲವೆಂಬ ಮಾತನ್ನು ನಾವು ಅಷ್ಟಾಗಿ ನಂಬಬೇಕಿಲ್ಲ, ಅವನು ನೋಡಿದ್ದು ಉತ್ತರದ ಕೆಲವೇ ಊರುಗಳನ್ನು. ಆಗ್ರಾದಲ್ಲಿ ತೋಟ ಮಾಡಿಸಿದಾಗ ಅವನು ಹಮ್ಮಾಮನ್ನೂ ಕಟ್ಟಿಸಿದ. ಮೊಘಲರ ಆಸ್ಥಾನದಲ್ಲಿ ಆಪ್ತ ಸಮಾಲೋಚನೆಯ ಸಭೆಗೆ ‘ಗುಸ್ಲ್‌ಖಾನಾ’ ಎಂಬ ಹೆಸರೇ ನಿಂತುಬಿಟ್ಟಿತು. ಹಮಾಮು ನಮ್ಮ ಸೀಮೆಗೂ ಹೊಸದಲ್ಲ. ಬೀದರ್ ಕೋಟೆಯೊಳಗೆ ಲಾಲ್‌ಬಾಗ್ ಪಕ್ಕದ ವಸ್ತುಸಂಗ್ರಹಾಲಯ ನೋಡಿದವರು ನೆನಪಿಸಿಕೊಳ್ಳಲಿ, ಅದು ಇರುವುದು ಹಳೆಯ ಶಾಹಿ ಹಮಾಮಿನ ಕಟ್ಟಡದಲ್ಲಿ. ಆದರೆ ಬೀದರಿನ ಹವೆಯಲ್ಲಿ ಬಿಸಿ ಕೋಣೆ ರಾಜರ ಖುಷಿಗೆ ಬಿಟ್ಟದ್ದು. ಅದು ಜನರ ಜೀವದ ಪ್ರಶ್ನೆಯಾದದ್ದು ಕಾಶ್ಮೀರದಲ್ಲಿ.

ಕಾಶ್ಮೀರಕ್ಕೆ ಹಮಾಮನ್ನು ತಂದವನು ಮಿರ್ಝಾ ಹೈದರ್ ದುಘ್ಲಾತ್ ಎಂದು ಅಲ್ಲಿ ಹೇಳುವುದು ರೂಢಿ. ಅವನು ಬಾಬರನ ಚಿಕ್ಕಮ್ಮನ ಮಗ, ‘ತಾರೀಖೆ ರಶೀದಿ’ಯ ಕರ್ತೃ. 1540ರಿಂದ 1551ರಲ್ಲಿ ಕೊಲ್ಲಲ್ಪಡುವವರೆಗೆ ಕಾಶ್ಮೀರವನ್ನು ಆಳಿದವನು. ಮಧ್ಯ ಏಷ್ಯಾದ ಅಭ್ಯಾಸಗಳನ್ನು ಬಿಡಲಾರದ ಒಬ್ಬ ದೊರೆ ತನಗಾಗಿ ತಂದದ್ದನ್ನು ಕಾಶ್ಮೀರದ ಜನ ಮಸೀದಿಗೆ ಕೊಂಡೊಯ್ದರು. ಈ ಇಡೀ ಚರಿತ್ರೆಯಲ್ಲಿ ನಮಗೆ ಅತ್ಯಂತ ಪ್ರಿಯವಾದ ಹೆಜ್ಜೆ ಇದು.

ಕಾಶ್ಮೀರಿ ಹಮಾಮ್ ಎಂದರೆ ಏನೆಂದು ನಮ್ಮ ಬಚ್ಚಲುಮನೆಯಿಂದಲೇ ತಿಳಿಯಬಹುದು. ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆಗೆ ಹೂತ ತಾಮ್ರದ ಹಂಡೆ, ಅದರಡಿಗೆ ಅಡಿಕೆ ಸಿಪ್ಪೆಯೋ ಕುಂಟೆಯೋ ತುರುಕಿದ ಉರಿ ನಮಗೆ ಗೊತ್ತು. ನೀರು ಕಾಯುತ್ತದೆ, ಹೊಗೆ ಮತ್ತು ಅದರ ಜೊತೆಗಿನ ಅರ್ಧ ಬಿಸಿ ಮೇಲೆ ಹಾರಿಹೋಗುತ್ತದೆ. ಕಾಶ್ಮೀರದವರು ಆ ಹೊಗೆಯನ್ನು ಸುಮ್ಮನೆ ಹೋಗಗೊಡಲಿಲ್ಲ. ಒಲೆಯ ಬಾಯಿ ಕಟ್ಟಡದ ಹೊರಗೆ. ಉರಿಯ ಮೇಲೆ ತಾಮ್ರದ ದೊಡ್ಡ ಹಂಡೆ. ಹೊಗೆ ನೇರ ಮೇಲಕ್ಕೇರದೆ ಕೋಣೆಯ ನೆಲದಡಿಯ ಟೊಳ್ಳಿನಲ್ಲಿ ಹಾದು ಎದುರು ಗೋಡೆಯ ಚಿಮಣಿಯಿಂದ ಹೊರಬೀಳುತ್ತದೆ. ಆ ಟೊಳ್ಳಿನ ಮೇಲೆ ಕಿರುಗಂಬಗಳನ್ನು ಆಧರಿಸಿ ದಪ್ಪ ಚಪ್ಪಡಿ ಕಲ್ಲುಗಳನ್ನು ಹಾಸಿರುತ್ತಾರೆ. ಕಲ್ಲು ನಿಧಾನವಾಗಿ ಕಾಯುತ್ತದೆ, ಅಷ್ಟೇ ನಿಧಾನವಾಗಿ ಆರುತ್ತದೆ. ಒಮ್ಮೆ ಚೆನ್ನಾಗಿ ಉರಿ ಹಾಕಿದರೆ ಬೆಂಕಿ ನಂದಿದ ಎಷ್ಟೋ ಹೊತ್ತಿನ ಮೇಲೂ ಕೋಣೆ ಬೆಚ್ಚಗಿರುತ್ತದೆ. ಒಂದೇ ಸೌದೆಯಿಂದ ವುಝೂವಿಗೆ ನೀರೂ ಆಯಿತು, ಕೂರಲು ನೆಲವೂ ಆಯಿತು.

ಡಿಸೆಂಬರ್ 21ರಿಂದ 40 ದಿನ ಕಾಶ್ಮೀರದಲ್ಲಿ ‘ಚಿಲ್ಲಾಯಿ ಕಲಾನ್’, ಚಳಿಯ ಅತಿ ಕಠಿಣ ಅವಧಿ. ಆ ದಿನಗಳಲ್ಲಿ ದಾಲ್ ಸರೋವರದ ಅಂಚು ಹೆಪ್ಪುಗಟ್ಟುತ್ತದೆ, ನಲ್ಲಿಯ ಕೊಳವೆಗಳು ಬಿರಿಯುತ್ತವೆ. ಫಜ್ರ್ ನಮಾಝ್ ಮುಗಿಸಿದ ಹಿರಿಯರು ಮಸೀದಿಯ ಹಮಾಮಿನಲ್ಲಿ ಗೋಡೆಗೊರಗಿ ಬಿಸಿಲೇರುವವರೆಗೂ ಕೂರುತ್ತಾರೆ. ಊರಿನ ಮದುವೆ, ಜಗಳ, ಸೇಬಿನ ಬೆಲೆ, ದಿಲ್ಲಿಯ ರಾಜಕೀಯ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಸೌದೆಯ ಖರ್ಚು ಮೊಹಲ್ಲಾದ ಚಂದಾದಿಂದ. ಚಂದಾ ಕೊಟ್ಟವನಿಗೂ ಕೊಡಲಾಗದವನಿಗೂ ಕಲ್ಲು ಒಂದೇ. ಮನೆಯಲ್ಲಿ ಫೆರನ್ನಿನೊಳಗೆ ಕಾಂಗ್ಡಿಯ ಕೆಂಡ ಹಿಡಿದು ರಾತ್ರಿ ಕಳೆದ ಕೂಲಿಯವನ ಮೈ ಪೂರ್ತಿ ಬಿಸಿಯಾಗುವುದು ಇಲ್ಲಿಯೇ.

ಆದರೆ ಈ ಚಿತ್ರದಲ್ಲಿ ಒಂದು ಕೊರತೆಯಿದೆ, ಹಮಾಮನ್ನು ಕೊಂಡಾಡುವ ಬರಹಗಳಲ್ಲಿ ಅದರ ಮಾತು ಅಪರೂಪ. ಬೆಚ್ಚಗೆ ಕೂತವರೆಲ್ಲ ಗಂಡಸರು. ಅದೇ ಹೊತ್ತಿಗೆ ಅವರ ತಾಯಂದಿರು, ಹೆಂಡಂದಿರು, ಹೆಣ್ಣುಮಕ್ಕಳು ಮನೆಯಲ್ಲಿ ತಣ್ಣೀರಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ವುಝೂವಿಗೆ ಅವರು ನೀರು ಕಾಯಿಸಿಕೊಳ್ಳಬೇಕಿದ್ದದ್ದು ಅಡಿಗೆಯ ಒಲೆಯಲ್ಲೇ. ಮಸೀದಿಯ ಚಂದಾ ಮನೆಯ ಎಲ್ಲರ ಪಾಲಿನಿಂದ ಹೋಗುತ್ತಿತ್ತು, ಬಿಸಿ ಮಾತ್ರ ಅರ್ಧ ಮನೆಗೆ ಸಿಗುತ್ತಿತ್ತು. ಬಾಣಂತಿಗೆ, ಹಾಸಿಗೆ ಹಿಡಿದ ಅಜ್ಜನಿಗೆ, ಕೂಸಿಗೆ ಕಾಂಗ್ಡಿಯೊಂದೇ ಗತಿ. ಕಾಂಗ್ಡಿ ಮಗುಚಿ ಸುಟ್ಟುಕೊಂಡವರೂ ಇದ್ದರು.

ಈಚಿನ ದಶಕಗಳಲ್ಲಿ ಹಮಾಮ್ ಮನೆಯೊಳಗೆ ಬಂದಿರುವುದನ್ನು ನಾವು ಈ ಕಾರಣದಿಂದಲೇ ಬರಿಯ ಶ್ರೀಮಂತಿಕೆಯ ಪ್ರದರ್ಶನವೆಂದು ತಳ್ಳಿಹಾಕಲಾರೆವು. ಕಾಶ್ಮೀರದಲ್ಲಿ ಅನುಕೂಲಸ್ಥರು ಹೊಸ ಮನೆ ಕಟ್ಟುವಾಗ ಕೆಳಗಿನ ಒಂದು ಕೋಣೆಯನ್ನು ಹಮಾಮಿಗೆಂದು ಬಿಡುವುದು ಈಗ ಸಾಮಾನ್ಯ. ಚಳಿಗಾಲದಲ್ಲಿ ಇಡೀ ಸಂಸಾರ ಅಲ್ಲೇ ಉಣ್ಣುತ್ತದೆ, ಓದುತ್ತದೆ, ಮಲಗುತ್ತದೆ. ಅಜ್ಜಿಗೆ ಮೊದಲ ಬಾರಿ ಬಿಸಿ ನೆಲ ಸಿಕ್ಕಿದೆ. ಮಸೀದಿಯ ಹಮಾಮಿನಲ್ಲಿ ಕೂತು ಹರಟುತ್ತಿದ್ದ ಕೆಲವರು ಈಗ ನಮಾಝ್ ಮುಗಿಸಿ ನೇರ ಮನೆಗೆ ಹೋಗುತ್ತಾರೆ ಎಂಬ ಕೊರಗೂ ಸುಳ್ಳಲ್ಲ. ಎರಡನ್ನೂ ತೂಗಿದರೆ ನಮ್ಮ ಒಲವು ಅಜ್ಜಿಯ ಕಡೆಗೇ. ಆದರೆ ಮನೆ ಹಮಾಮ್ ಕಟ್ಟಿಸಲಾಗದ ಪಕ್ಕದ ಮನೆಯ ಅಜ್ಜಿಗೆ ಇದರಿಂದ ಏನೂ ಬದಲಾಗಿಲ್ಲ.

ಮನೆಯ ನೆಲವನ್ನು ಎಲ್ಲರಿಗೂ ಬೆಚ್ಚಗಾಗಿಸಿದ ನಾಡೊಂದಿದೆ, ಕೊರಿಯಾ. ಅಲ್ಲಿ ಇದರ ಹೆಸರು ಒಂದೋಲ್. ಅಡಿಗೆಯ ಒಲೆಯ ಹೊಗೆಯೇ ಮಲಗುವ ಕೋಣೆಯ ಕಲ್ಲುನೆಲದಡಿಯಲ್ಲಿ ಹಾದು ಹಿಂದಿನ ಚಿಮಣಿಗೆ ಹೋಗುವಂತೆ ಮನೆ ಕಟ್ಟುತ್ತಿದ್ದರು. ಅನ್ನ ಬೇಯಿಸಿದ ಬೆಂಕಿ ಮನೆಯನ್ನೂ ಕಾಯಿಸುತ್ತಿತ್ತು. ಹೀಗಾಗಿ ಬಿಸಿ ನೆಲ ಅಲ್ಲಿ ಗುಡಿಸಲಿಗೂ ದಕ್ಕಿತು. ಒಲೆಗೆ ಹತ್ತಿರದ, ಹೆಚ್ಚು ಬಿಸಿಯಿರುವ ಜಾಗ ಮನೆಯ ಹಿರಿಯರದ್ದು, ಅತಿಥಿ ಬಂದರೆ ಅತಿಥಿಯದ್ದು. 20ನೇ ಶತಮಾನದ ನಡುವಿನಲ್ಲಿ ಸೌದೆಯ ಬದಲು ಕಲ್ಲಿದ್ದಲಿನ ಬಿಲ್ಲೆಗಳು ಬಂದವು. ಅಗ್ಗವೇನೋ ಆಯಿತು, ಆದರೆ ಬಿರುಕುಬಿಟ್ಟ ನೆಲದಿಂದ ಸೋರಿದ ಕಾರ್ಬನ್ ಮೊನಾಕ್ಸೈಡ್ ಮಲಗಿದ್ದವರನ್ನು ಮಲಗಿದಲ್ಲೇ ಕೊಂದಿತು. ವರ್ಷವರ್ಷವೂ ಅಂಥ ಸಾವುಗಳಾದವು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೊನೆಗೆ ಕೊರಿಯನ್ನರು ಹೊಗೆಯನ್ನು ನೆಲದಡಿಯಿಂದ ಹೊರಗಟ್ಟಿ ಅದರ ಜಾಗದಲ್ಲಿ ಬಿಸಿನೀರಿನ ಕೊಳವೆಗಳನ್ನು ಹೂತರು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಪಾನಿನಲ್ಲಿ ಕೊರಿಯನ್ ಮಾದರಿಯ ಕೋಣೆಯೊಂದರಲ್ಲಿ ಕೂತು ಬೆರಗಾಗಿ, 1937ರಲ್ಲಿ ಮುಗಿದ ಮ್ಯಾಡಿಸನ್ ಊರಿನ ಜೇಕಬ್ಸ್ ದಂಪತಿಯ ಮನೆಯಲ್ಲಿ ನೆಲದಡಿ ಕೊಳವೆಗಳನ್ನು ಹಾಕಿಸಿದ್ದ. ಅದು ಸಾಧಾರಣ ಆದಾಯದ ಕುಟುಂಬಕ್ಕೆಂದು ಕಟ್ಟಿದ ಚಿಕ್ಕ ಮನೆ.

ಈಗ ಓದಲು, ದುಡಿಯಲು ಯುರೋಪಿಗೋ ಕೊರಿಯಾಕ್ಕೋ ಹೋದ ನಮ್ಮ ಮಕ್ಕಳು ಬಾಡಿಗೆ ಮನೆಯ ನೆಲ ಬೆಚ್ಚಗಿದೆ ಎಂದು ಫೋನಿನಲ್ಲಿ ಹೇಳುವುದು ಇದರದೇ ಹೊಸ ರೂಪದ ಬಗ್ಗೆ. ಕಾಂಕ್ರೀಟಿನೊಳಗೆ ಸುರುಳಿ ಸುತ್ತಿದ ಪ್ಲಾಸ್ಟಿಕ್ ಕೊಳವೆ, ಅದರಲ್ಲಿ 35ರಿಂದ 45 ಡಿಗ್ರಿಯ ನೀರು. ಗೋಡೆಗೆ ಹಾಕುವ ಹಳೆಯ ರೇಡಿಯೇಟರ್‌ಗೆ ಇದಕ್ಕಿಂತ ಬಹಳ ಬಿಸಿಯಾದ ನೀರು ಬೇಕು. ನೆಲ ವಿಶಾಲವಾದ್ದರಿಂದ ಕಡಿಮೆ ಬಿಸಿಯೇ ಸಾಕಾಗುತ್ತದೆ, ಇಂಧನ ಉಳಿಯುತ್ತದೆ. ಯುರೋಪಿನ ನಿಯಮದಂತೆ ಜನ ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದು. ಪಾದ ಬೆಚ್ಚಗಿದ್ದು ತಲೆ ತಂಪಾಗಿದ್ದರೆ ಮನುಷ್ಯನಿಗೆ ಹಿತ. ಸಜ್ದಾದಲ್ಲಿ ಹಣೆ ತಾಗುವುದೂ ಅದೇ ನೆಲಕ್ಕೆ.

ಕಾಶ್ಮೀರಕ್ಕೂ ವಿದ್ಯುತ್ ತಂತಿಯ ಬಿಸಿ ನೆಲ ಬಂದಿದೆ. ಮನೆಗಳಿಗೆ ಬಂದಿದೆ, ಕೆಲವು ಮಸೀದಿಗಳಿಗೂ. ಸೌದೆಗಾಗಿ ಕಾಡು ಕಡಿಯುವುದು ತಪ್ಪುತ್ತದೆ, ಹೊಗೆಯ ಭಯವಿಲ್ಲ. ಅನಿಲದ ಹೀಟರ್ ಹಚ್ಚಿ ಕಿಟಕಿ ಮುಚ್ಚಿ ಮಲಗಿದ ಕುಟುಂಬಗಳು ಬೆಳಿಗ್ಗೆ ಏಳಲಿಲ್ಲವೆಂಬ ಸುದ್ದಿ ಆ ಕಣಿವೆಯಿಂದ ಬರುವುದು ಅಪರೂಪವಲ್ಲ. ಹಾಗಾಗಿ ಇದೊಂದು ದೊಡ್ಡ ಲಾಭ. ತೊಡಕಿರುವುದು ಕರೆಂಟಿನಲ್ಲಿ. ಚಳಿ ಹೆಚ್ಚಿದಂತೆ ಬೇಡಿಕೆ ಹೆಚ್ಚುತ್ತದೆ, ಬೇಡಿಕೆ ಹೆಚ್ಚಿದಂತೆ ಕಡಿತವೂ ಹೆಚ್ಚುತ್ತದೆ. ಚಿಲ್ಲಾಯಿ ಕಲಾನಿನ ರಾತ್ರಿ ಕರೆಂಟು ಹೋಗಿ ಬಾರದಿದ್ದರೆ ತಂತಿಯ ನೆಲ ಬೆಳಗಾಗುವುದರೊಳಗೆ ತಣ್ಣಗಾಗಿರುತ್ತದೆ. ಸೌದೆಯ ಹಮಾಮನ್ನು ಕೆಡವದೆ ಉಳಿಸಿಕೊಂಡ ಮೊಹಲ್ಲಾಗಳಲ್ಲಿ ಆ ಹೊತ್ತಿಗೆ ಯಾರೋ ಒಬ್ಬರು ಎದ್ದು ಹೋಗಿ, ಮಸೀದಿಯ ಹಿಂದಿನ ಒಲೆಯ ಬಾಯಿ ತೆರೆದು, ದಿಮ್ಮಿ ಒಳಗೆ ತಳ್ಳುತ್ತಿರುತ್ತಾರೆ.